ಪರಕೆ ಹೊತ್ತವರು

ಜನವರಿ ೮, ಗುರುವಾರ

ಇವತ್ತು ಅಕ್ಕನ ಕಾಲಿನ ಪ್ಲಾಸ್ಟರ್ ತೆಗೆಸಿದೆವು. ಡಾಕ್ಟರು ಅವಳ ಕಣಕಾಲನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಮೂಳೆ ಚೆನ್ನಾಗಿ ಕೂಡಿದೆ. ಇನ್ನು ನಡೀಬೇಕು. ನಡೀದೆ ಮಲಗಿದ್ರೆ ಕೀಲು ಹಿಡ್ಕೊಂಡುಬಿಡುತ್ತೆ, ಆಮೇಲೆ ನನ್ನ ಹತ್ರ ಬಂದು ಅತ್ರೆ ನಾನೇನೂ ಮಾಡಕ್ಕಾಗಲ್ಲ" ಎಂದರು. ಅಕ್ಕ ಡಾಕ್ಟರ ಮುಖವನ್ನೂ ನೋಡಲಿಲ್ಲ, ತನ್ನ ಕಾಲನ್ನೂ ನೋಡಲಿಲ್ಲ. ಗೋಡೆಗೆ ತೂಗುಹಾಕಿದ್ದ ಅಸ್ಥಿಪಂಜರದ ಪಟವನ್ನು ನೋಡುತ್ತಿದ್ದಳು. ಮನೆಗೆ ಬಂದವಳೇ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. "ನಡೀಬೇಕಂತೆ" ಎಂದೆ. "ಆಗಲ್ಲ" ಎಂದಳು. ಅಷ್ಟೇ.

ಮಹಡಿ ಮೆಟ್ಟಿಲು ಗುಡಿಸುವಾಗ ಜಾರಿ ಬಿದ್ದದ್ದು. ಈ ಮನೆಯಲ್ಲಿ ನಾವು ಅಕ್ಕ ತಂಗಿ ಇಬ್ಬರೇ. ನಾನು ಮದುವೆಯ ಗೊಡವೆಗೇ ಹೋಗಲಿಲ್ಲ, ಅವಳು ಹೋಗಿ ಬೇಗನೆ ವಾಪಸು ಬಂದಳು. ಅಂದಿನಿಂದ ಕೆಲಸ ಹಂಚಿಕೆಯಾಗಿದೆ: ನಾನು ಪ್ರೆಸ್ಸಿನಲ್ಲಿ ಕೂತು ಊರವರ ತಪ್ಪು ತಿದ್ದುವುದು, ಅವಳು ಮನೆ ಗುಡಿಸುತ್ತಾ ನನ್ನ ತಪ್ಪು ತಿದ್ದುವುದು. ಬಿದ್ದ ದಿನದಿಂದ ಗುಡಿಸುವುದೂ ನಿಂತಿದೆ, ಬೈಯುವುದೂ ನಿಂತಿದೆ. ಇಂಥ ಶಾಂತಿಗಾಗಿ ಜನ ಎದೆ ಒಡೆದುಕೊಂಡು ಬೆಟ್ಟ ಹತ್ತುತ್ತಾರೆ. ನನಗೆ ಮನೆಯಲ್ಲೇ ಕೂತಲ್ಲೇ ಸಿಕ್ಕಿದೆ. ಬಹಳ ಸುಖವಾಗಿದ್ದೇನೆ.

ಪ್ರೆಸ್ಸಿನ ಮಾಲೀಕರು ಅರ್ಧ ದಿನದ ರಜೆಯನ್ನು ಸುಮ್ಮನೆ ಕೊಡುವ ಪೈಕಿ ಅಲ್ಲ. ಬೆಟ್ಟದ ದೇವಸ್ಥಾನದ ಸ್ಥಳಪುರಾಣದ ಕೊನೆಯ ಪ್ರೂಫನ್ನು ನನ್ನ ಚೀಲಕ್ಕೆ ತುರುಕಿ ಕಳಿಸಿದ್ದರು. ಮುಂದಿನ ತಿಂಗಳ ಉತ್ಸವದೊಳಗೆ ಪುಸ್ತಕ ಬರಬೇಕಂತೆ. ಅಕ್ಕನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಓದಿ ಮುಗಿಸಿದೆ. ಬರೆದವರು ವಿದ್ವಾಂಸರು. ಹಾಗೆಂದು ಮುಖಪುಟದಲ್ಲಿ ಅವರೇ ಬರೆದುಕೊಂಡಿದ್ದಾರೆ.

ಕಥೆ ಇಷ್ಟು. ಅಕ್ಕ ತಂಗಿ ಇಬ್ಬರು ದೇವಿಯರು ಒಂದೇ ಗುಡಿಯಲ್ಲಿದ್ದರಂತೆ. ದೀಪ ನೋಡಿಕೋ ಎಂದು ಹೇಳಿ ಅಕ್ಕ ಹೊರಗೆ ಹೋದಾಗ ತಂಗಿ ನಿದ್ದೆ ಹೊಡೆದಳು, ದೀಪ ಆರಿತು. ಅಕ್ಕ ಒಂದು ಮಾತೂ ಬೈಯದೆ ಬೆಟ್ಟ ಹತ್ತಿ ಕುಳಿತುಬಿಟ್ಟಳು. ಬೈಯಲಿಲ್ಲವಲ್ಲ ಎಂದು ತಂಗಿ ಬೆಟ್ಟದ ಬುಡದಲ್ಲಿ ಕುಳಿತು ಅತ್ತಳು. ವರ್ಷಕ್ಕೊಮ್ಮೆ ಉತ್ಸವದ ದಿನ ಮೇಲಿನವಳು ಅರ್ಧ ಬೆಟ್ಟ ಇಳಿಯುತ್ತಾಳೆ, ಕೆಳಗಿನವಳು ಅರ್ಧ ಬೆಟ್ಟ ಹತ್ತುತ್ತಾಳೆ, ನಡುವಿನ ಮಂಟಪದಲ್ಲಿ ಅಕ್ಕ ತಂಗಿಗೆ ಬಾಯ್ತುಂಬ ಬೈಯುತ್ತಾಳೆ. ಅಕ್ಕನ ಪರವಾಗಿ ಬೈಯುವುದು ಅರ್ಚಕರ ಕೆಲಸ. ಬೈಗುಳ ಬಿದ್ದರೆ ಆ ವರ್ಷ ಎಲ್ಲರಿಗೂ ಕ್ಷೇಮ. ಬೈಸಿಕೊಳ್ಳುವುದಕ್ಕಾಗಿ ಬೆಟ್ಟ ಹತ್ತುವ ತಂಗಿಯನ್ನು ಕಲ್ಪಿಸಿದ ಪುಣ್ಯಾತ್ಮನಿಗೆ ಸ್ವಂತ ಅಕ್ಕ ಇರಲಿಲ್ಲವೆಂದು ಕಾಣುತ್ತದೆ.

ಜನವರಿ ೧೪, ಬುಧವಾರ

ಅಕ್ಕನ ಪ್ರಪಂಚ ಈಗ ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ. ಅದೂ ನನ್ನ ಹೆಗಲ ಮೇಲೆ ಪೂರಾ ಭಾರ ಹಾಕಿ, ಆ ಕಾಲನ್ನು ನೆಲಕ್ಕೆ ಸೋಕಿಸದೆ. "ಊರಿ ನೋಡು" ಅಂದರೆ ಅದನ್ನು ಇನ್ನೂ ಮೇಲಕ್ಕೆ ಎಳೆದುಕೊಳ್ಳುತ್ತಾಳೆ.

ಸ್ನಾನ ಮಾಡಿ ಒದ್ದೆ ಟವೆಲನ್ನು ಅವಳ ಮಂಚದ ಮೇಲೆಯೇ ಎಸೆದೆ. ಬೇಕೆಂದೇ. ಸುಮ್ಮನೆ, ನೋಡೋಣ ಎಂದು. ಹಿಂದೆ ಆಗಿದ್ದರೆ ನನ್ನ ಹುಟ್ಟಿನಿಂದ ಹಿಡಿದು ಜಾಡಿಸುತ್ತಿದ್ದಳು. ಇವತ್ತು ಟವೆಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮತ್ತೆ ಗೋಡೆಗೆ ತಿರುಗಿದಳು. ಟವೆಲನ್ನು ನಾನೇ ತೆಗೆದು ಒಣಹಾಕಿದೆ. ಎರಡು ಸಲ ಹಿಂಡಿದೆ, ಯಾಕೋ.

ಜನವರಿ ೨೦, ಮಂಗಳವಾರ

ಪುಸ್ತಕ ಅಚ್ಚಾಗಿ ಬಂತು. ಮುಖಪುಟದ ಮೇಲೆ ಬೆಟ್ಟ ಇದೆ, ಬೆಟ್ಟಕ್ಕಿಂತ ದೊಡ್ಡದಾಗಿ ಧರ್ಮದರ್ಶಿಗಳ ಫೋಟೋ ಇದೆ. ಒಂದು ಪ್ರತಿ ತಂದು ಅಕ್ಕನ ದಿಂಬಿನ ಪಕ್ಕ ಇಟ್ಟೆ. ಓದಲಿ ಎಂದಲ್ಲ, ಕಾಫಿ ಲೋಟ ಇಡಲು ಅನುಕೂಲ.

ಜನವರಿ ೨೫, ಭಾನುವಾರ

ಭಾನುವಾರ ಬೆಳಗ್ಗೆ ಮಾಲೀಕರು ಮನೆಗೆ ಬಂದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಹಿಂದೆಯೇ ಆಟೋದವನು ಪುಸ್ತಕದ ಕಟ್ಟುಗಳನ್ನು ತಂದು ಹಜಾರದಲ್ಲಿ ಪೇರಿಸಿದ. ಮಾಲೀಕರು ಕೂರಲಿಲ್ಲ. ಪುಸ್ತಕ ಬಿಡಿಸಿ ನನ್ನ ಮೂಗಿಗೆ ಹಿಡಿದರು.

"ಓದಿ. ಜೋರಾಗಿ ಓದಿ."

ಓದಿದೆ. "ದೇವಿಯ ಮೌನ ಮುರಿಯಲೆಂದು ಪರಕೆ ಹೊತ್ತು ಬೆಟ್ಟವೇರಿದವರ ಇಷ್ಟಾರ್ಥ ಸಿದ್ಧಿಸುತ್ತದೆ."

"ಏನು ಹೊತ್ತು?"

ಹರಕೆ ಹೊತ್ತು ಎಂದಿರಬೇಕಿತ್ತು. ಪರಕೆ ಹೊತ್ತು ಎಂದಾಗಿದೆ. ವಿದ್ವಾಂಸರ ಕೈಬರಹದಲ್ಲಿ 'ಹ' ಯಾವುದು 'ಪ' ಯಾವುದು ಎಂದು ಸಾಕ್ಷಾತ್ ದೇವಿಗೂ ತಿಳಿಯದು. ಟೈಪು ಮಾಡುವ ಹುಡುಗಿ ಕಂಡದ್ದನ್ನು ಹೊಡೆದಿದ್ದಾಳೆ. ಆದರೆ ನನ್ನ ಕಣ್ಣು? ಅರ್ಥವಿಲ್ಲದ ಪದವಾಗಿದ್ದರೆ ಚುಚ್ಚುತ್ತಿತ್ತು. ಪರಕೆ ತಪ್ಪು ಪದವಲ್ಲ. ಮನೆ ಮನೆಯಲ್ಲೂ ಕಸ ಗುಡಿಸಿ ಬಾಗಿಲ ಹಿಂದೆ ನಿಂತಿರುವ, ಎಲ್ಲರಿಗೂ ಗೊತ್ತಿರುವ, ಮರ್ಯಾದಸ್ಥ ಪದ. ಅದಕ್ಕೇ ಒಳಗೆ ಬಿಟ್ಟುಕೊಂಡಿದ್ದೇನೆ.

"ವಿದ್ವಾಂಸರು ಬೆಳಗ್ಗೆಯಿಂದ ಫೋನಲ್ಲಿ ಬೆಂಕಿ ಕಾರ್ತಿದ್ದಾರೆ" ಎಂದು ಮಾಲೀಕರು ಕಿರುಚಿದರು. "ದೇವಿ ಹತ್ರ ಪರಕೆ ಹೊತ್ಕೊಂಡು ಹೋಗಿ ಅಂತ ಬರೆಸ್ಕೊಂಡ ಮೊದಲನೇ ಗ್ರಂಥಕರ್ತ ನಾನೇ ಅಂತಾರೆ! ಧರ್ಮದರ್ಶಿಗಳು ನೋಡಿದ್ರೆ ದೇವಸ್ಥಾನದ ಕೆಲಸ ಅಷ್ಟೂ ಕೈಬಿಟ್ಟು ಹೋಗುತ್ತೆ. ಅದು ಹೋದ್ರೆ ನೀವೂ ಹೋದ್ರಿ ಅಂತ ತಿಳ್ಕೊಳ್ಳಿ."

ಆಮೇಲೆ ಒಂದು ಪೊಟ್ಟಣ ಕೊಟ್ಟರು. ಪುಟ್ಟ ಪುಟ್ಟ ಚೀಟಿಗಳು. ತಪ್ಪು: ಪರಕೆ. ಒಪ್ಪು: ಹರಕೆ. ಪ್ರತಿಯೊಂದು ಪುಸ್ತಕಕ್ಕೂ ನಾನೇ ಕೂತು ಅಂಟಿಸಬೇಕು, ಉತ್ಸವದೊಳಗೆ. ಅಂಗಡಿಗೆ ಈಗಾಗಲೇ ಹೋಗಿರುವ ಪ್ರತಿಗಳಿಗೆ ದೇವರೇ ದಿಕ್ಕು.

ಅವರು ಹೋದ ಮೇಲೆ ಒಳಕೋಣೆಗೆ ಇಣುಕಿದೆ. ಅಕ್ಕ ತಲೆಯ ತುಂಬ ಹೊದ್ದು ಮಲಗಿದ್ದಳು. ಒಳ್ಳೆಯದೇ ಆಯಿತು. ಅವಳಿಗೆ ಹೇಳುವುದಿಲ್ಲ. ಇದೊಂದು ಬೇರೆ ಕೇಡು.

ಜನವರಿ ೨೭, ಮಂಗಳವಾರ

ಪ್ರೆಸ್ಸಿನಿಂದ ಬಂದಾಗ ಅಕ್ಕ ಮಂಚದ ಮೇಲೆ ಎದ್ದು ಕೂತಿದ್ದಳು. ತೊಡೆಯ ಮೇಲೆ ಪುಸ್ತಕ.

"ನಮ್ಮನೆ ಪರಕೆ ಎಲ್ಲಿಟ್ಟಿದ್ದೀಯ?"

ತಿಂಗಳುಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಪೂರ್ತಿ ವಾಕ್ಯ. ನಾನು ಪೆದ್ದಿಯ ಹಾಗೆ "ಯಾಕೆ?" ಎಂದೆ.

"ನೋಡು, ಇದ್ರಲ್ಲಿ ಬರೆದಿದೆ. ಪರಕೆ ಹೊತ್ತು ಬೆಟ್ಟ ಹತ್ತಿದ್ರೆ ಅಂದ್ಕೊಂಡಿದ್ದು ಆಗುತ್ತಂತೆ. ನಾನು ಹೋಗಬೇಕು."

ಅದು ಅಚ್ಚಿನ ತಪ್ಪು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಆ ಕಾಲನ್ನು ನೆಲಕ್ಕೆ ಇಳಿಸಿದಳು. ಮೊದಲು ಬೆರಳು, ಆಮೇಲೆ ಹಿಮ್ಮಡಿ. ಮುಖ ಬಿಳಿಚಿಕೊಂಡಿತು. ನಾನು ಬಾಯಿ ಮುಚ್ಚಿ ಪರಕೆ ತಂದುಕೊಟ್ಟೆ. ಅದನ್ನೇ ಊರುಗೋಲಿನ ಹಾಗೆ ಹಿಡಿದು ಬಾಗಿಲ ತನಕ ನಡೆದು ವಾಪಸು ಬಂದಳು.

ಇಷ್ಟು ಓದಿದವಳು, ಮೂಢನಂಬಿಕೆಗೆ ಬಿದ್ದಳಲ್ಲ ಎಂದು ಬೇಸರವಾಗಬೇಕಿತ್ತು. ನಾಳೆ ಆಗಬಹುದು.

ಫೆಬ್ರುವರಿ ೧, ಭಾನುವಾರ

ಆಟೋದಲ್ಲಿ ಬೆಟ್ಟದ ಬುಡಕ್ಕೆ ಹೋದೆವು. ಮನೆಯಲ್ಲೇ ನಡೆದು ಅಭ್ಯಾಸ ಮಾಡಿಕೋ ಎಂದರೆ ಕೇಳಿದರೆ ತಾನೇ. ಅರ್ಚಕರ ಲೆಕ್ಕಕ್ಕೂ ವಿದ್ವಾಂಸರ ಲೆಕ್ಕಕ್ಕೂ ಮೆಟ್ಟಿಲುಗಳು ತಾಳೆಯಾಗುವುದಿಲ್ಲ, ಆದರೆ ಅಷ್ಟೂ ಮೆಟ್ಟಿಲುಗಳ ಮೇಲೆ ಬಿದ್ದಿರುವ ಕಸ ಮಾತ್ರ ಒಂದೇ ಥರ: ಬಾಟಲಿ, ಕಾಗದದ ತಟ್ಟೆ, ಒಣಗಿದ ಹೂ. ದೇವಿ ಬೆಟ್ಟ ಹತ್ತಿದ ಮೇಲೆ ಯಾರೂ ಗುಡಿಸಿದಂತಿಲ್ಲ.

ಅಕ್ಕ ಮೊದಲ ಮೆಟ್ಟಿಲ ಮುಂದೆ ನಿಂತೇ ಇದ್ದಳು. ಮೆಟ್ಟಿಲು ಅಂದರೆ ಅವಳಿಗೆ ಬಿದ್ದದ್ದೇ ನೆನಪು. ಕೊನೆಗೆ ಕಸ ಕಂಡು ತಡೆಯಲಾಗಲಿಲ್ಲವೋ ಏನೋ, ಬಗ್ಗಿ ಆ ಮೆಟ್ಟಿಲನ್ನು ಗುಡಿಸಿದಳು. ಗುಡಿಸಿದ ಮೇಲೆ ಹತ್ತಿದಳು. ಹತ್ತಿ ಮುಂದಿನದನ್ನು ಗುಡಿಸಿದಳು. ಒಂದು ಕೈ ನನ್ನ ಹೆಗಲ ಮೇಲೆ.

ದಾರಿಯಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ನಿಂತು ಕೇಳಿದಳು, "ಅಮ್ಮ, ಇದೇನು ಸೇವೆ?"

ಅಕ್ಕ ಸೊಂಟದಿಂದ ಪುಸ್ತಕ ತೆಗೆದಳು. "ಪರಕೆ ಸೇವೆ. ಇಲ್ಲೇ ಅಚ್ಚಾಗಿದೆಯಲ್ಲ, ನೋಡಮ್ಮ."

ಆ ಹೆಂಗಸು ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು. ಅಚ್ಚಾಗಿದ್ದನ್ನು ಜನ ನಂಬುವ ರೀತಿ ನೋಡಿದರೆ ನನ್ನ ಕಸುಬಿನ ಬಗ್ಗೆ ನನಗೇ ಹೆದರಿಕೆಯಾಗುತ್ತದೆ.

ಫೆಬ್ರುವರಿ ೫, ಗುರುವಾರ

"ಚೀಟಿ ಅಂಟಿಸಿ ಆಯ್ತಾ?" ಎಂದು ಮಾಲೀಕರು ಕೇಳಿದರು. "ಗೋಂದು ಸರಿಯಾಗಿಲ್ಲ, ಹಾಳೆ ಸುಕ್ಕಾಗ್ತಿದೆ" ಎಂದೆ. ಒಂದು ಚೀಟಿಯನ್ನೂ ಅಂಟಿಸಿಲ್ಲ. ಅಂಟಿಸಿದರೆ ಅಕ್ಕ ನೋಡುತ್ತಾಳೆ. ನೋಡಿದರೆ ಮತ್ತೆ ಮಂಚ, ಮತ್ತೆ ಗೋಡೆ. ಅವಳು ಮಲಗಿದರೆ ನನಗೇ ಕೆಲಸ ಜಾಸ್ತಿ. ಬೇರೆ ಕಾರಣವೇನಿಲ್ಲ, ಸೋಮಾರಿತನ ಅಷ್ಟೆ.

ಪೊಟ್ಟಣವನ್ನು ಅಟ್ಟದ ಮೇಲೆ ಎಸೆದಿದ್ದೇನೆ.

ಫೆಬ್ರುವರಿ ೮, ಭಾನುವಾರ

ಇವತ್ತು ಬೆಟ್ಟದಲ್ಲಿ ನಮ್ಮ ಹಾಗೆ ಪರಕೆ ಹೊತ್ತವರನ್ನು ಕಂಡೆವು. ಒಂದು ಕುಟುಂಬವಂತೂ ಹೊಸ ಪರಕೆಗೆ ಅರಿಶಿನ ಕುಂಕುಮ ಹಚ್ಚಿ, ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಬಂದಿತ್ತು. ಬುಡದಲ್ಲಿ ಹೂ ಮಾರುವವಳು ಆಗಲೇ ಹೂವಿನ ಪಕ್ಕ ಪರಕೆ ಜೋಡಿಸಿದ್ದಾಳೆ.

"ಇದು ಮೊದ್ಲಿಂದ ಇತ್ತಾ?" ಎಂದು ಅವಳನ್ನು ಕೇಳಿದೆ.

"ಅಯ್ಯೋ, ನಮ್ಮಜ್ಜಿ ಕಾಲದಿಂದ ಇದೆ! ನಡುವೆ ಜನ ಬಿಟ್ಟುಬಿಟ್ಟಿದ್ರು, ಅದಕ್ಕೇ ಕಷ್ಟ ಎಲ್ಲ."

ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ನನ್ನ ತಪ್ಪಿಗೆ ವಯಸ್ಸು ಮೂರು ವಾರವೂ ಆಗಿಲ್ಲ, ಆಗಲೇ ಅದಕ್ಕೊಬ್ಬಳು ಅಜ್ಜಿ ಹುಟ್ಟಿದ್ದಾಳೆ.

ಅರ್ಚಕರನ್ನೂ ಕೇಳಿದೆ, ಮಂಟಪದ ಹತ್ತಿರ ಸಿಕ್ಕಿದ್ದರು. ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತರು. ಯೋಚನೆಯೋ ಧ್ಯಾನವೋ ತಿಳಿಯಲಿಲ್ಲ. ಆಮೇಲೆ, "ದೇವಿ ಅಸುರನನ್ನ ಒದ್ದಾಗ ಅವನು ಧೂಳಾದ. ಧೂಳು ಬಿಟ್ರೆ ಮತ್ತೆ ಮೇಲೇಳ್ತಾನೆ. ಅದಕ್ಕೇ ಗುಡಿಸಬೇಕು" ಎಂದರು. ಪುಸ್ತಕದ ಉದ್ದಕ್ಕೂ ಅಸುರನ ಸುಳಿವೇ ಇಲ್ಲ. ಆದರೂ ಅರ್ಚಕರು ವಿದ್ವಾಂಸರಿಗಿಂತ ಚೆನ್ನಾಗಿ ಕಥೆ ಕಟ್ಟುತ್ತಾರೆ, ಒಪ್ಪಬೇಕು. ಗುಡಿಸಿದ ದಾರಿಯನ್ನು ಹಿಂತಿರುಗಿ ನೋಡಿದೆ. ಕಲ್ಲಿನ ಬಣ್ಣ ನಸುಗೆಂಪು. ಇಷ್ಟು ದಿನ ಬೂದು ಅಂದುಕೊಂಡಿದ್ದೆ.

ಅಕ್ಕ ಈಗ ನನ್ನ ಹೆಗಲ ಮೇಲೆ ಕೈ ಇಡುವುದು ಮರೆತಿರುತ್ತಾಳೆ. ಆದರೆ ಬೈಗುಳ ಇನ್ನೂ ಇಲ್ಲ. ನಾನು ಬಾಳೆಹಣ್ಣಿನ ಸಿಪ್ಪೆಯನ್ನು ಅವಳು ಗುಡಿಸಿದ ಮೆಟ್ಟಿಲ ಮೇಲೇ ಎಸೆದು ನೋಡಿದೆ. ಏನೂ ಅನ್ನದೆ ಗುಡಿಸಿದಳು. ನನಗೆ ನಾಚಿಕೆಯಾಯಿತು.

ಫೆಬ್ರುವರಿ ೧೨, ಗುರುವಾರ

ಮಾಲೀಕರಿಗೆ ಗೋಂದಿನ ಕಥೆ ಸಾಕಾಗಿದೆ. ಗಾಜಿನ ಕೋಣೆಗೆ ಕರೆದು, "ಒಂದಾದ್ರೂ ಅಂಟಿಸಿದ್ದೀರಾ?" ಎಂದರು.

"ಇಲ್ಲ."

"ಯಾಕೆ?"

ಯಾಕೆ ಎಂದು ಹೇಳಲಿ? ನಮ್ಮಕ್ಕ ತಪ್ಪು ಪದದ ಮೇಲೆ ಕಾಲೂರಿ ನಡೆಯುತ್ತಿದ್ದಾಳೆ, ಅದನ್ನು ತಿದ್ದಿದರೆ ಬೀಳುತ್ತಾಳೆ ಎನ್ನಲೇ?

"ನಾಳೆಯಿಂದ ಬರಬೇಡಿ."

ಕಟಿಂಗ್ ಮೆಷಿನ್ನಿನವನು ತಲೆ ಎತ್ತಲಿಲ್ಲ. ಟೈಪು ಮಾಡುವ ಹುಡುಗಿ ಅತ್ತಳು, ಅವಳನ್ನು ನಾನೇ ಸಮಾಧಾನ ಮಾಡಿದೆ. ಕೆಂಪು ಪೆನ್ನನ್ನು ಮೇಜಿನ ಮೇಲೇ ಬಿಟ್ಟು ಬಂದೆ. ಬೀದಿಯ ತಿರುವಿನಲ್ಲಿ ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತೆ. ಹೆದರಿಕೆಯಾಯಿತು. ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ?

ಅಕ್ಕನಿಗೆ ಹೇಳುವುದಿಲ್ಲ.

ಫೆಬ್ರುವರಿ ೧೪, ಶನಿವಾರ

ನಿನ್ನೆಯೂ ಇವತ್ತೂ ಎಂದಿನ ಹಾಗೆ ಊಟದ ಡಬ್ಬಿ ಹಿಡಿದು ಹೊರಟು ಲೈಬ್ರರಿಯಲ್ಲಿ ಕೂತೆ. ಇದ್ದಬದ್ದ ಪತ್ರಿಕೆಗಳನ್ನೆಲ್ಲ ಓದಿದೆ. ಎಷ್ಟೊಂದು ತಪ್ಪು! ಆ ಪುಣ್ಯವಂತರ ಕೆಲಸವೆಲ್ಲ ಗಟ್ಟಿಯಾಗಿದೆ.

ಫೆಬ್ರುವರಿ ೧೭, ಮಂಗಳವಾರ

ಲೈಬ್ರರಿಯ ಬಾಗಿಲಲ್ಲಿದ್ದಾಗಲೇ ಮಾಲೀಕರ ಫೋನು ಬಂತು. ದನಿಯಲ್ಲಿ ಜೇನು.

"ಮೇಡಂ, ಆ ಚೀಟಿಗಳನ್ನ ಅಂಟಿಸಿಲ್ಲ ತಾನೇ? ನಿಜವಾಗ್ಲೂ? ಅಬ್ಬ, ಬದುಕಿಸಿದ್ರಿ!"

ನಡೆದದ್ದು ಇದು. ಧರ್ಮದರ್ಶಿಗಳು ಬೆಟ್ಟಕ್ಕೆ ಹೋಗಿದ್ದಾರೆ, ಮೆಟ್ಟಿಲು ಕನ್ನಡಿಯ ಹಾಗೆ ಹೊಳೆಯುವುದನ್ನು ಕಂಡಿದ್ದಾರೆ, ಪರಕೆ ಹಿಡಿದವರ ಸಾಲು ಕಂಡಿದ್ದಾರೆ, ಇದು ಯಾರ ಯೋಜನೆ ಎಂದು ಕೇಳಿದ್ದಾರೆ. ವಿದ್ವಾಂಸರು ಪಕ್ಕದಲ್ಲೇ ಇದ್ದರಂತೆ. "ನನ್ನ ಸಂಶೋಧನೆ" ಎಂದರಂತೆ. ಹಳೆಯ ಕನ್ನಡದ 'ಪ'ಕಾರವೇ ಮುಂದೆ 'ಹ'ಕಾರವಾಯಿತು, ಹಾಲು ಪಾಲಾಗಿತ್ತು, ಹೂವು ಪೂವಾಗಿತ್ತು, ಆದ್ದರಿಂದ ಹರಕೆಯ ಮೂಲರೂಪ ಪರಕೆಯೇ ಎಂದು ಅಲ್ಲೇ ನಿಂತು ಭಾಷಣ ಮಾಡಿದರಂತೆ. ಫೋನಿನಲ್ಲಿ ಬೆಂಕಿ ಕಾರಿದ್ದು ಬಹುಶಃ ಅವರ ಹಿಂದಿನ ಜನ್ಮದಲ್ಲಿ.

ಈಗ ಎರಡನೆಯ ಮುದ್ರಣ. 'ಪರಕೆ' ದಪ್ಪ ಅಕ್ಷರದಲ್ಲಿ ಬರಬೇಕು. "ನಾಳೆ ಬನ್ನಿ" ಎಂದರು. "ಗೋಂದಿನ ಡಬ್ಬಿ ಬದಲಾಯಿಸಿ, ಬರ್ತೀನಿ" ಎಂದೆ.

ಫೆಬ್ರುವರಿ ೨೨, ಭಾನುವಾರ

ಉತ್ಸವ. ಕಣ್ಣು ಹಾಯಿಸಿದಷ್ಟು ದೂರ ಪರಕೆ. ಅಕ್ಕ ಮಂಟಪದ ತನಕ ಹತ್ತಿದಳು, ತಾನೇ. ನಾನೂ ಒಂದು ಪರಕೆ ಹೊತ್ತಿದ್ದೆ. ಅವಳದು ಸವೆದಿತ್ತು, ದಾರಿಯಲ್ಲಿ ಬೇಕಾದರೆ ಇರಲಿ ಎಂದು ಅಷ್ಟೆ.

ಮೇಲಿನಿಂದ ಅಕ್ಕದೇವಿ ಇಳಿದಳು, ಕೆಳಗಿನಿಂದ ತಂಗಿದೇವಿ ಬಂದಳು. ಎರಡು ಪಲ್ಲಕ್ಕಿಗಳನ್ನು ಎದುರುಬದುರು ನಿಲ್ಲಿಸಿದರು. ಅಷ್ಟು ಜನವೂ ಉಸಿರು ಹಿಡಿದು ನಿಂತರು. ಅರ್ಚಕರು ಗಂಟಲು ಸರಿಮಾಡಿಕೊಂಡು, "ಎಲ್ಲಿಗೆ ಹೋಗಿದ್ಯೇ ಇಷ್ಟು ದಿನ? ದೀಪ ನೋಡ್ಕೋ ಅಂದ್ರೆ ಗೊರಕೆ ಹೊಡೀತೀಯಾ?" ಎಂದು ಶುರು ಮಾಡಿದರು. ಜನ ಹೋ ಎಂದು ಕೂಗಿದರು. ಮುದುಕರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಧೂಳು ಕಾರಣವೆನ್ನಲು ಧೂಳೇ ಉಳಿದಿರಲಿಲ್ಲ.

ಆ ಗದ್ದಲದಲ್ಲಿ ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಪ್ರೂಫ್ ನೋಡೋವಾಗ ಕಣ್ಣು ಎಲ್ಲಿಟ್ಟಿದ್ಯೇ?"

ನಾನು ತಿರುಗಿ ನೋಡಿದೆ.

"ಏನು ಹಾಗೆ ನೋಡ್ತೀಯ? ಹರಕೆ ಹೋಗಿ ಪರಕೆ ಆಗಿದ್ದು ನಂಗೊತ್ತಿಲ್ಲ ಅಂದ್ಕೊಂಡ್ಯಾ? ನಿಮ್ಮ ಮಾಲೀಕ ಕಿರುಚಿದ್ದು ಬೀದಿ ಕೊನೇವರೆಗೂ ಕೇಳಿಸ್ತು. ನಂಗೆ ಮುರಿದಿದ್ದು ಕಾಲು ಕಣೇ, ಕಿವಿಯಲ್ಲ."

"ಮತ್ತೆ ನೀನು ಯಾಕೆ..."

"ಇನ್ನೇನು ಮಾಡ್ಲಿ? ನಿನ್ನ ಕೆಲಸ ಹೋಗೋದನ್ನ ಮಲಗಿ ನೋಡ್ಲಾ? ಯಾರೂ ಪರಕೆ ಹೊತ್ಕೊಂಡು ಹೋಗದೇ ಇದ್ರೆ ಅದು ತಪ್ಪು. ಒಬ್ಬಳಾದ್ರೂ ಹೊತ್ಕೊಂಡು ಹೋದ್ರೆ ಭಕ್ತಿ. ಅದಕ್ಕೇ ಹೊತ್ತೆ. ಮೊದಲನೇ ದಿನ ಆ ಮೆಟ್ಟಿಲು ನೋಡಿ ಪ್ರಾಣ ಬಾಯಿಗೆ ಬಂದಿತ್ತು, ಗೊತ್ತಾ ನಿಂಗೆ?"

ಅವಳಿಗೆ ಆಗಲೇ ಓಘ ಬಂದಿತ್ತು.

"ಇವಳು ನೋಡಿದ್ರೆ ಚೀಟಿನೆಲ್ಲ ಅಟ್ಟಕ್ಕೆ ಎಸೆದು, ಕೆಲಸ ಕಳ್ಕೊಂಡು, ಡಬ್ಬಿ ಹಿಡ್ಕೊಂಡು ದಿನಾ ಲೈಬ್ರರಿಗೆ ಹೋಗ್ತಿದ್ಲು! ಟೈಪಿಂಗ್ ಹುಡುಗಿ ನಿನ್ನ ಅಲ್ಲಿ ನೋಡಿ, ಮನೆಗೆ ಬಂದು ಅಳ್ತಾ ಎಲ್ಲ ಹೇಳಿ ಹೋದ್ಲು. ಒಂದು ಮಾತು ಹೇಳಕ್ಕಾಗಲ್ವಾ ಅಕ್ಕನಿಗೆ? ನಾಲಿಗೆ ಇಲ್ವಾ? ಒದ್ದೆ ಟವೆಲ್ ಎಸೆಯೋಕೆ ಮಾತ್ರ ಕೈ ಇದೆ. ಅವತ್ತು ಪ್ರೂಫ್ ಓದೋವಾಗಲೂ ನೋಡಿದೀನಿ, ಸಾಲು ಸಾಲಿಗೂ ತಲೆ ಎತ್ತಿ ನನ್ನ ಕಾಲು ನೋಡ್ತಿದ್ದೆ. ಕಾಲು ನೋಡ್ಕೊಂಡು ಅಕ್ಷರ ಓದಿದ್ರೆ 'ಹ' 'ಪ' ಆಗದೆ ಇನ್ನೇನಾಗುತ್ತೆ? ದಡ್ಡಮುಂಡೇದು!"

ಅರ್ಚಕರು ನಿಲ್ಲಿಸಿದರೂ ಅಕ್ಕ ನಿಲ್ಲಿಸಲಿಲ್ಲ. ಸುತ್ತ ನಿಂತವರು ಇದೂ ಸೇವೆಯ ಭಾಗವೆಂದು ತಿಳಿದು ಕೈ ಮುಗಿದರು. ಒಬ್ಬರು ಹೂ ಕೂಡ ಹಾಕಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಹೊಟ್ಟೆ ತುಂಬ ಬೈಗುಳ ತಿಂದೆ. ಬಹಳ ಹಸಿದಿದ್ದೆ ಎಂದು ಆಗ ತಿಳಿಯಿತು.

ಫೆಬ್ರುವರಿ ೨೪, ಮಂಗಳವಾರ

ಎರಡನೆಯ ಮುದ್ರಣದ ಪ್ರೂಫ್ ನೋಡಬೇಕು. ಅಕ್ಕ ಬಿಡುತ್ತಿಲ್ಲ. ಅಟ್ಟದ ಧೂಳು, ಬಕೆಟ್ಟು, ಟವೆಲು, ನನ್ನ ಕನ್ನಡಕ ಇಡುವ ಜಾಗ, ಕೂರುವ ರೀತಿ, ಬೆಳಗಿನಿಂದ ಒಂದೇ ಸಮನೆ ನಡೆದಿದೆ. ಈಗ ಮಹಡಿ ಮೆಟ್ಟಿಲು ಗುಡಿಸುತ್ತಾ ಅಲ್ಲಿಂದಲೇ ಕೂಗುತ್ತಿದ್ದಾಳೆ. ಈ ಮನೆಯಲ್ಲಿ ಒಂದು ಗಳಿಗೆ ಶಾಂತಿ ಇಲ್ಲ. ಶಾಂತಿ ಬೇಕಾದವರು ಬೆಟ್ಟಕ್ಕೆ ಹೋಗಲಿ.